ಕಾಪಾಡಲ್ಪಟ್ಟವರ ಸಂಖ್ಯೆ

ಕನ್ನಡಕದಂಗಡಿಯವನು ತನ್ನ ಜನ್ಮದಲ್ಲಿ ಒಂದೇ ಒಂದು ಸಲ ಸೂಚನೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅವು ಹೇಳಿದಂತೆಯೇ ನಡೆದುಕೊಂಡ. ಆದ ಅನಾಹುತಕ್ಕೆಲ್ಲ ಅದೇ ಕಾರಣ. ಎಂದಿನಂತೆ ಓದದೆ ಬಿಟ್ಟಿದ್ದರೆ ಅವನೂ ನೆಮ್ಮದಿಯಾಗಿರುತ್ತಿದ್ದ, ಊರೂ ನೆಮ್ಮದಿಯಾಗಿರುತ್ತಿತ್ತು.

ಅಂಗಡಿ ಅವನ ಹೊಟ್ಟೆಪಾಡಿಗೆ. ಜೀವ ಇದ್ದದ್ದು ಮಾತ್ರ ಊರಿನ ಶೋಧ ಮತ್ತು ರಕ್ಷಣಾ ದಳದಲ್ಲಿ. ಅದಕ್ಕೆ ಅವನು ಕಾರ್ಯದರ್ಶಿ. ಅಂಗಡಿಗೆ ಬಂದವರು "ಏನ್ರೀ, ನನ್ನ ಕನ್ನಡಕ ಆಯ್ತಾ?" ಅಂದರೆ ಕಿವಿ ಕೇಳಿಸದವನಂತೆ ಗಾಜು ಒರೆಸುತ್ತ ಕೂರುತ್ತಿದ್ದ. "ಕಾರ್ಯದರ್ಶಿಗಳೇ" ಅಂದರೋ, ವಾರಗಟ್ಟಲೆ ತಡವಾಗಿದ್ದ ಕನ್ನಡಕ ಐದೇ ನಿಮಿಷದಲ್ಲಿ ಕೈಗೆ ಬರುತ್ತಿತ್ತು. ಹೀಗಾಗಿ ಊರಿಗೆ ಊರೇ ಅವನನ್ನು ಕಾರ್ಯದರ್ಶಿ ಎಂದು ಕರೆಯಿತು. ನಾವೂ ಹಾಗೇ ಕರೆಯೋಣ, ನಮ್ಮ ಗಂಟೇನು ಹೋಗುತ್ತದೆ?

ದಳದಲ್ಲಿ ಒಟ್ಟು ಮೂರು ಜನ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಹಿಟ್ಟು ನಾದಿ ನಾದಿ ತೋಳು ಗಟ್ಟಿಯಾಗಿದ್ದ ಬೇಕರಿಯವನು ದಳದ ಶಕ್ತಿ. ಮೂರನೆಯವನು ಕಾರ್ಯದರ್ಶಿ. ದಳದ ಆಸ್ತಿಯೆಂದರೆ ಒಂದು ಸೀಟಿ, ಅದು ಸದಾ ಅಧ್ಯಕ್ಷರ ಕೊರಳಲ್ಲಿ. ಎರಡು ಟಾರ್ಚು, ಒಂದಕ್ಕೆ ಸೆಲ್ ಇಲ್ಲ, ಇನ್ನೊಂದಕ್ಕೆ ಬಲ್ಬ್ ಇಲ್ಲ. ಮತ್ತೆ ಒಂದು ಹಗ್ಗ, ಅದರ ಮೇಲೆ ವಾರಕ್ಕೆ ಆರು ದಿನ ಕಾರ್ಯದರ್ಶಿಯ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಏಳನೆಯ ದಿನ ಯಾರಾದರೂ ಬಿದ್ದರೆ ರಕ್ಷಣೆ ಖಂಡಿತ.

ಬೀಳುವುದಕ್ಕಂತೂ ಊರಿನಲ್ಲಿ ಒಳ್ಳೆಯ ಅನುಕೂಲವಿತ್ತು. ಕೊನೆಯ ಬೀದಿ ದಾಟಿದರೆ ಹಳೇ ಕಲ್ಲು ಕ್ವಾರಿ. ಕಲ್ಲು ತೆಗೆಯುವವರು ತೆಗೆದು ತೆಗೆದು ಬಿಟ್ಟುಹೋದ ಮೇಲೆ ನೀರು ತುಂಬಿಕೊಂಡಿದ್ದ ಆ ಹೊಂಡ ಎಷ್ಟು ಆಳವೋ ಯಾರಿಗೂ ಗೊತ್ತಿರಲಿಲ್ಲ. ಅದರ ಅಂಚಿನಲ್ಲೇ ಒಂದು ಕಾಲುದಾರಿ. ಆ ಕಡೆ ಇರುವ ಅಂಚೆ ಕಚೇರಿಗೆ ರಸ್ತೆಯಲ್ಲಿ ಹೋದರೆ ಮುಕ್ಕಾಲು ಗಂಟೆ, ಕಾಲುದಾರಿಯಲ್ಲಿ ಹತ್ತು ನಿಮಿಷ. ಅಲ್ಲಿ ಕಾಗದ ವಿಂಗಡಿಸುವ ಕೆಲಸ ಕಾರ್ಯದರ್ಶಿಯ ಹೆಂಡತಿಯದು. ದಿನಕ್ಕೆ ಎರಡು ಸಲ ಅವಳು ಅದೇ ಅಂಚಿನಲ್ಲಿ ನಡೆಯುತ್ತಿದ್ದಳು. "ಆ ದಾರಿ ಬೇಡ ಕಣೇ" ಎಂದು ಗಂಡ ದಿನಾ ಹೇಳುತ್ತಿದ್ದ. "ಸರಿ, ಬೆಳಗಿನ ಮನೆಗೆಲಸ ಎಲ್ಲಾ ನೀವು ಮಾಡಿ, ನಾನು ಮುಕ್ಕಾಲು ಗಂಟೆ ನಡ್ಕೊಂಡು ಹೋಗ್ತೀನಿ" ಎಂದು ಅವಳು ದಿನಾ ಉತ್ತರ ಕೊಡುತ್ತಿದ್ದಳು. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು.

ಎರಡು ವರ್ಷದ ಹಿಂದೆ ಗ್ಯಾಸ್ ಸಿಲಿಂಡರಿನವನು ಅಲ್ಲೇ ಕಾಲು ಜಾರಿ, ನೀರಿಗೆ ಬೀಳುವ ಮೊದಲು ಹೇಗೋ ಒಂದು ಬಂಡೆಯ ಮೂಲೆಗೆ ಸಿಕ್ಕಿಕೊಂಡ. ದಳ ಓಡೋಡಿ ಬಂತು. ಹಗ್ಗ ಇಳಿಬಿಟ್ಟರು, ಅರ್ಧ ದಾರಿಗೇ ಮುಗಿದುಹೋಯಿತು. ಆಮೇಲೆ ಐದು ಗಂಟೆ ಕಾಲ ಅಧ್ಯಕ್ಷರು ಸೀಟಿ ಊದಿದರು, ಬೇಕರಿಯವನು ಮೇಲಿನಿಂದ ಬನ್ನು ಎಸೆದ, ಕಾರ್ಯದರ್ಶಿ "ಕೆಳಗೆ ನೋಡ್ಬೇಡಿ! ಮೇಲೂ ನೋಡ್ಬೇಡಿ!" ಎಂದು ಧೈರ್ಯ ತುಂಬಿದ. ಕೊನೆಗೆ ನಗರದ ದೊಡ್ಡ ದಳ ಬಂದು ಹತ್ತು ನಿಮಿಷದಲ್ಲಿ ಅವನನ್ನು ಮೇಲೆತ್ತಿತು. ಆ ದಳದ ಮುಖ್ಯಸ್ಥ ಹೊರಡುವಾಗ ಒಂದು ಮಾತು ಹೇಳಿದ: "ಇವರ ಪುಣ್ಯ, ಬಂಡೆ ಸಿಕ್ತು. ನೀರಿಗೇ ಬಿದ್ದಿದ್ರೆ ನಾವು ಬಂದು ಮಾಡೋದು ಏನೂ ಇರ್ತಿರ್ಲಿಲ್ಲ. ಸರ್ಕಾರದ ಅನುದಾನ ಇದೆ, ಅರ್ಜಿ ಹಾಕಿ. ಒಳ್ಳೆ ಹಗ್ಗ, ಸ್ಟ್ರೆಚರ್, ದೀಪ, ಗಾಳಿ ತುಂಬೋ ದೋಣಿ ಎಲ್ಲಾ ಕೊಡ್ತಾರೆ."

ಅಂದಿನಿಂದ ಹೆಂಡತಿ ಮನೆಗೆ ಬರುವುದು ಐದು ನಿಮಿಷ ತಡವಾದರೂ ಕಾರ್ಯದರ್ಶಿಯ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೇರೆ ಏನು ಆಗದಿದ್ದರೂ ಸರಿ, ಆ ಹಗ್ಗ ಮತ್ತು ದೋಣಿ ಊರಿಗೆ ಬರಲೇಬೇಕು ಎಂದು ಹಟ ಹಿಡಿದ. ಮೊದಲ ವರ್ಷ ಅರ್ಜಿ ಹಾಕುವ ದಿನ ಮುಗಿದುಹೋಗಿತ್ತು, ಎರಡನೆಯ ವರ್ಷ ಅರ್ಜಿ ತರಿಸಿದ.

ಅರ್ಜಿ ಹದಿನಾಲ್ಕು ಪುಟ. ಏಳನೆಯ ಸೂಚನೆ ದಪ್ಪ ಅಕ್ಷರದಲ್ಲಿತ್ತು: "ಯಾವುದೇ ಚೌಕವನ್ನು ಖಾಲಿ ಬಿಡತಕ್ಕದ್ದಲ್ಲ. ಖಾಲಿ ಚೌಕವಿರುವ ಅರ್ಜಿಗಳನ್ನು ತಿರಸ್ಕರಿಸಲಾಗುವುದು." ಇದನ್ನು ಅವನು ಮೂರು ಸಲ ಓದಿ, ಅಡಿಗೆರೆ ಎಳೆದು, ಪೆನ್ನು ಹಿಡಿದ. ಇಪ್ಪತ್ತೆರಡನೆಯ ಪ್ರಶ್ನೆಯವರೆಗೆ ಎಲ್ಲ ಸಲೀಸಾಗಿ ಹೋಯಿತು. ಅಲ್ಲಿ ಕೇಳಿದ್ದರು: "ಕಳೆದ ಒಂದು ವರ್ಷದಲ್ಲಿ ದಳದಿಂದ ಕಾಪಾಡಲ್ಪಟ್ಟವರ ಸಂಖ್ಯೆ." ಮುಂದೆ ಎರಡು ಚೌಕ.

ಕಾಪಾಡಲ್ಪಟ್ಟವರು ಒಬ್ಬರೇ, ಅವನ ಅತ್ತೆ. ಮಗಳ ಮನೆಯಲ್ಲೇ ಇದ್ದ ಈ ಹಿರಿಯ ಹೆಂಗಸು, ತಾರಸಿ ಮೇಲಿನ ನೀರಿನ ಟ್ಯಾಂಕನ್ನು ತೊಳೆಯುವವರು ನಿಜಕ್ಕೂ ತೊಳೆದರೋ ಇಲ್ಲವೋ ಎಂದು ಪರೀಕ್ಷಿಸಲು ಕಬ್ಬಿಣದ ಏಣಿ ಹತ್ತಿದ್ದರು. ಹತ್ತುವಾಗ ಅನುಮಾನವೇ ಅವರನ್ನು ಮೇಲಕ್ಕೆ ಎಳೆದುಕೊಂಡು ಹೋಗಿತ್ತು. ಇಳಿಯುವಾಗ ಅದು ಕೈಕೊಟ್ಟಿತು. ದಳದ ದಾಖಲೆಯ ಪ್ರಕಾರ ಮೂರೂವರೆ ಗಂಟೆಯ ಕಾರ್ಯಾಚರಣೆಯಲ್ಲಿ ಅವರನ್ನು ಸುರಕ್ಷಿತವಾಗಿ ಇಳಿಸಲಾಯಿತು. ಅತ್ತೆಯ ಪ್ರಕಾರ ಅವರು ಗಾಳಿ ಸೇವನೆಗೆ ಹತ್ತಿದ್ದರು, ಸೇವನೆ ಮುಗಿದ ಮೇಲೆ ಇಳಿದರು. ಇಡೀ ಬೀದಿ ಅದನ್ನು ಕಣ್ಣಾರೆ ನೋಡಿತ್ತು. ಆದರೂ ಅವರ ಮುಂದೆ ಟ್ಯಾಂಕಿನ ಮಾತೆತ್ತುವ ಗಂಡುಗಲಿ ಯಾರೂ ಹುಟ್ಟಿರಲಿಲ್ಲ.

ಕಾರ್ಯದರ್ಶಿ ಮೊದಲ ಚೌಕದಲ್ಲಿ 1 ಎಂದು ಬರೆದ. ಎರಡನೆಯ ಚೌಕ ಖಾಲಿ. ಬಿಡುವಂತಿಲ್ಲ. ಸೊನ್ನೆ ಹಾಕಲೇ ಎಂದು ಯೋಚಿಸಿದ. ಒಂದು ಚೌಕದಲ್ಲಿ ಒಬ್ಬರು ಅಂತ ಹೇಳಿ ಪಕ್ಕದ ಚೌಕದಲ್ಲಿ ಯಾರೂ ಇಲ್ಲ ಅಂದರೆ ಅದು ಎರಡು ನಾಲಿಗೆಯ ಮಾತಾಗುತ್ತದೆ. ಇವನು ಪ್ರಾಮಾಣಿಕ. ಎಲ್ಲಿ ಕೇಳಿದರೂ ಒಂದೇ ಉತ್ತರ ಎಂದುಕೊಂಡು ಎರಡನೆಯ ಚೌಕದಲ್ಲೂ ಗಟ್ಟಿಯಾಗಿ 1 ಎಂದು ಬರೆದ. ಅಧ್ಯಕ್ಷರು ಅರ್ಜಿಯನ್ನು ತಿರುವಿ ನೋಡಿದರು. ಮೂವತ್ತೈದು ವರ್ಷ ಮಕ್ಕಳ ನೋಟ್‌ಬುಕ್ಕನ್ನು ಅಕ್ಷರ ದುಂಡಗಿದೆಯೇ ಎಂದಷ್ಟೇ ನೋಡಿ ಸಹಿ ಹಾಕಿದ ಕೈ ಅದು. "ಒಂದು ಚೌಕಾನೂ ಖಾಲಿ ಇಲ್ಲ. ಭೇಷ್!" ಎಂದು ಸಹಿ ಹಾಕಿದರು.

ಉತ್ತರ ಬಂದದ್ದು ಒಂದು ತಿಂಗಳ ಮೇಲೆ. ಸರ್ಕಾರದ ಕಾಗದದಲ್ಲಿ ಕಾಣದಷ್ಟು ಭಾವುಕತೆ ಅದರಲ್ಲಿತ್ತು. "ಒಂದೇ ವರ್ಷದಲ್ಲಿ ಹನ್ನೊಂದು ಅಮೂಲ್ಯ ಜೀವಗಳನ್ನು ಉಳಿಸಿದ ತಮ್ಮ ದಳವನ್ನು ಇಲಾಖೆ ಅಭಿನಂದಿಸುತ್ತದೆ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅನುದಾನದ ಅಧಿಕಾರಿಗಳು ಖುದ್ದು ಬಂದು ಹನ್ನೊಂದೂ ಜನರ ಹೇಳಿಕೆ ಪಡೆಯುವರು. ಹನ್ನೊಂದು ಕುರ್ಚಿಗಳ ವ್ಯವಸ್ಥೆ ಇರಲಿ."

ಕಾರ್ಯದರ್ಶಿ ಗರಬಡಿದವನಂತೆ ಕೂತುಬಿಟ್ಟ. ಬೇಕರಿಯವನಿಗೆ ಬೇರೆಯೇ ಸಂಕಟ.

"ಹನ್ನೊಂದಾ? ನಮಗೆ ಹೇಳ್ದೆ ನೀವೊಬ್ರೇ ಹೋಗಿ ಹತ್ತು ಜನಾನ ಕಾಪಾಡಿದ್ದೀರಾ? ಯಾಕ್ರೀ, ನಾನು ಬರ್ತಿರ್ಲಿಲ್ವಾ?"

"ಅಯ್ಯೋ ಮಾರಾಯಾ, ಕಾಪಾಡಿದ್ದು ಒಬ್ಬರನ್ನೇ. ಚೌಕ ಎರಡಿದ್ವು!"

"ಚೌಕಕ್ಕೊಬ್ರು ಅಂದ್ರೂ ಇಬ್ರಾಗ್ಬೇಕಲ್ಲ?"

ಇಲಾಖೆಗೆ ಫೋನ್ ಮಾಡಿದರು. ಆ ಕಡೆಯ ಗುಮಾಸ್ತ ಏನೋ ಅಗಿಯುತ್ತಲೇ ಹೇಳಿದ: "ತಿದ್ದುಪಡಿ ಅಂದ್ರೆ ಹೊಸ ಅರ್ಜಿ ರೀ. ಹೊಸ ಅರ್ಜಿ ಮುಂದಿನ ವರ್ಷ. ಈ ವರ್ಷದ್ದು ನಿಮಗೆ ಬೇಡ ಅಂದ್ರೆ ಪಕ್ಕದೂರಿನವರು ಕಾಯ್ತಾ ಇದ್ದಾರೆ, ಅವರಿಗೆ ಹೋಗತ್ತೆ." ಪಕ್ಕದೂರಿನಲ್ಲಿ ಕೆರೆಯಿಲ್ಲ, ಹೊಳೆಯಿಲ್ಲ, ನಲ್ಲಿಯಲ್ಲೂ ಸರಿಯಾಗಿ ನೀರು ಬರುವುದಿಲ್ಲ. ದೋಣಿ ಅಲ್ಲಿಗೆ! ಕಾರ್ಯದರ್ಶಿಗೆ ಮೈ ಪರಚಿಕೊಳ್ಳುವಂತಾಯಿತು. ಇನ್ನೊಂದು ವರ್ಷ ಹೆಂಡತಿ ಆ ಅಂಚಿನಲ್ಲಿ ನಡೆಯಬೇಕು, ತಾನು ಗಡಿಯಾರ ನೋಡುತ್ತ ಕೂರಬೇಕು.

"ಸುಳ್ಳು ಹೇಳೋದು ಬೇಡ," ಎಂದರು ಅಧ್ಯಕ್ಷರು. "ಹುಡುಕೋಣ. ನಮ್ಮದು ಶೋಧ ದಳ ಕೂಡ ಹೌದಲ್ಲ. ಒಂದಲ್ಲ ಒಂದು ರೀತೀಲಿ ನಮ್ಮಿಂದ ಬದುಕಿದವರು ಊರಲ್ಲಿ ಹತ್ತು ಜನ ಇರ್ಲಾರರೇ?"

ಹುಡುಕಾಟ ಶುರುವಾಯಿತು. ಗಂಟಲಿಗೆ ಏನೋ ಸಿಕ್ಕಿಕೊಂಡವನ ಬೆನ್ನಿಗೆ ಗುದ್ದಿ ತಾನು ಬದುಕಿಸಿದ್ದುಂಟು ಎಂದು ಬೇಕರಿಯವನು ನೆನಪಿಸಿಕೊಂಡ. ಸಿಕ್ಕಿಕೊಂಡಿದ್ದು ಅವನದೇ ಬನ್ನು ಎಂದು ತಿಳಿದ ಮೇಲೆ ಅದನ್ನು ಕೈಬಿಟ್ಟರು. ಗ್ಯಾಸಿನವನು ಇವರ ಮುಖ ಕಂಡೊಡನೆ ಬಾಗಿಲು ಹಾಕಿಕೊಂಡ. ಕ್ಷೌರದಂಗಡಿಯವನು ಕತ್ತರಿ ಮೇಲೆತ್ತಿಕೊಂಡೇ ಬೀದಿಗೆ ಬಂದ.

"ನನ್ನನ್ನ ನೀವು ಕಾಪಾಡೋದಾ? ಅಂಥಾ ಗತಿ ನನಗಿನ್ನೂ ಬಂದಿಲ್ಲ ಕಣ್ರೀ! ಮರ್ಯಾದಸ್ಥರ ಮನೆ ನಮ್ಮದು. ನಮ್ಮ ತಾತನ ಕಾಲದಿಂದ ಯಾರೂ ಎಲ್ಲೂ ಬಿದ್ದಿಲ್ಲ!"

ಉಳಿದದ್ದು ಅತ್ತೆ. ಅವರೊಬ್ಬರಾದರೂ ಒಪ್ಪಿದರೆ ಒಂದು ಕುರ್ಚಿಯಾದರೂ ತುಂಬುತ್ತದೆ ಎಂದು ಕಾರ್ಯದರ್ಶಿ ಬಾಗಿಲ ಬಳಿ ನಿಂತು ಗಂಟಲು ಸರಿಮಾಡಿಕೊಂಡ.

"ಅತ್ತೆ... ಗುರುವಾರ ಒಂದು ಚಿಕ್ಕ ಹೇಳಿಕೆ... ಆ ಟ್ಯಾಂಕಿನ ವಿಷಯ..."

"ಯಾವ ಟ್ಯಾಂಕು ಅಳಿಯಂದ್ರೇ?" ಎಂದರು ಅತ್ತೆ. ಅವರು ಕೇಳಿದ ರೀತಿಗೆ ಊರಿನಲ್ಲಿ ಟ್ಯಾಂಕೇ ಇಲ್ಲವೇನೋ ಎಂಬ ಅನುಮಾನ ಅವನಿಗೇ ಬಂತು.

ಗಂಡನ ಬಾಡಿದ ಮುಖ ನೋಡಲಾರದೆ ಹೆಂಡತಿ ಬುಧವಾರ ಅಂಚೆ ಕಚೇರಿಯಲ್ಲಿ ಯಾರ ಹತ್ತಿರವೋ ಸಂಕಟ ತೋಡಿಕೊಂಡಳು. "ಅಧಿಕಾರಿ ಬರ್ತಾರಂತೆ, ಕಾಪಾಡಿಸ್ಕೊಂಡವರ ಹೆಸರು ಬರ್ಕೊಳ್ತಾರಂತೆ" ಎಂದಷ್ಟೇ ಅವಳು ಹೇಳಿದ್ದು. ಸ್ಟ್ಯಾಂಪ್ ಕೊಳ್ಳಲು ಬಂದವರು ಅದಕ್ಕೆ "ಏನೋ ಕೊಡ್ತಾರಂತೆ" ಎಂದು ಸೇರಿಸಿದರು. ತರಕಾರಿ ಅಂಗಡಿ ಮುಟ್ಟುವ ಹೊತ್ತಿಗೆ ಅದು ತಲೆಗೊಂದು ಉಣ್ಣೆಯ ರಗ್ಗು ಆಗಿತ್ತು. ಕ್ಷೌರದಂಗಡಿಯಲ್ಲಿ ಅದು ಇಬ್ಬರು ಹೊದೆಯುವ ರಗ್ಗಾಯಿತು.

ಗುರುವಾರ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ಹನ್ನೊಂದು ಕುರ್ಚಿ ಹಾಕಿ ಕಾರ್ಯದರ್ಶಿ ಬಾಗಿಲು ತೆಗೆದ. ಹೊರಗೆ ನಲವತ್ತಮೂರು ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ ಕ್ಷೌರದಂಗಡಿಯವನು, ತಲೆ ಒದ್ದೆ ಮಾಡಿಕೊಂಡು.

"ಇದೇನ್ರೀ?"

"ಈಗಷ್ಟೇ ಮುಳುಗಿದ ಹಾಗೆ ಕಾಣ್ಬೇಕಲ್ಲ" ಎಂದು ಅವನು ಕಿವಿಯಲ್ಲಿ ಹೇಳಿ, ಮೊದಲ ಕುರ್ಚಿ ಹಿಡಿದ.

ಅಧಿಕಾರಿ ಸಣಕಲು ಮನುಷ್ಯ, ದಪ್ಪ ಫೈಲು. ಹಾಲು ತುಂಬಿ ಕಿಟಕಿಯಲ್ಲೂ ಜನ ಕೂತಿದ್ದು ನೋಡಿ ಬೆರಗಾದ. "ಹನ್ನೊಂದು ಅಂತ ಬರೆದಿದ್ರಲ್ಲ?"

"ಚೌಕ ಎರಡೇ ಇದ್ವು ಸಾರ್" ಎಂದ ಕಾರ್ಯದರ್ಶಿ. ತಪ್ಪೊಪ್ಪಿಕೊಳ್ಳಲು ಅವನು ಅಲ್ಲಿಂದಲೇ ಶುರುಮಾಡಬೇಕೆಂದಿದ್ದ. ಅಧಿಕಾರಿಗೆ ಅದು ವಿನಯವಾಗಿ ಕೇಳಿಸಿತು. ಮೂರನೆಯ ಚೌಕ ಇಲ್ಲದೆ ಪಾಪ ಎಷ್ಟು ಜೀವಗಳು ಲೆಕ್ಕಕ್ಕೆ ಬರದೆ ಹೋದವೋ ಎಂದು ಮರುಗಿ, ಪೆನ್ನು ತೆಗೆದ.

ಹೇಳಿಕೆಗಳು ಶುರುವಾದವು. ಕ್ಷೌರದಂಗಡಿಯವನು ಕ್ವಾರಿಯಲ್ಲಿ ಮೂರು ಸಲ ಮುಳುಗಿ ಎದ್ದನಂತೆ. ಕಾರ್ಯದರ್ಶಿಗಳು ಬಂಡೆಯ ಮೇಲಿಂದ ತಲೆಕೆಳಗಾಗಿ ಹಾರಿ ಕೂದಲು ಹಿಡಿದು ಎಳೆದರಂತೆ. ಕಾರ್ಯದರ್ಶಿಗೆ ಈಜು ಬರುವುದಿಲ್ಲ, ಕ್ಷೌರದಂಗಡಿಯವನ ತಲೆಯಲ್ಲಿ ಹಿಡಿಯುವಷ್ಟು ಕೂದಲೂ ಇರಲಿಲ್ಲ. ಆದರೂ ಕೇಳುತ್ತ ಕೇಳುತ್ತ ಕಾರ್ಯದರ್ಶಿಗೇ ಮೈ ಜುಮ್ಮೆಂದಿತು. ತರಕಾರಿಯವಳು ಉರಿಯುವ ಮನೆಯೊಳಗಿದ್ದಳು. ಯಾವ ಮನೆ ಎಂದರೆ ಬಾಡಿಗೆ ಮನೆ ಎಂದಳು. ಒಬ್ಬ ಮುದುಕನನ್ನು ಕಾರ್ಯದರ್ಶಿಗಳು ಹೆಗಲ ಮೇಲೆ ಹೊತ್ತುಕೊಂಡು ಏಳು ಮೈಲಿ ನಡೆದಿದ್ದರು.

"ಏಳಲ್ಲ, ಎಂಟು" ಎಂದ ಇನ್ನೊಬ್ಬ. "ನಾನು ಇನ್ನೊಂದು ಹೆಗಲ ಮೇಲಿದ್ದೆ."

ಅಧಿಕಾರಿಯ ಕಣ್ಣು ತುಂಬಿ ಬಂತು. "ಇಷ್ಟೆಲ್ಲ ಮಾಡೋಕೆ ಯಾವ ಯಾವ ಸಲಕರಣೆ ಇತ್ತು?"

"ಏನೂ ಇಲ್ಲ ಸಾರ್!" ಇಡೀ ಹಾಲು ಒಂದೇ ದನಿಯಲ್ಲಿ ಕೂಗಿತು. "ಬರಿಗೈ! ಬರೀ ಬರಿಗೈ!"

ಅಧಿಕಾರಿ ಪೆನ್ನು ಮುಚ್ಚಿದ. ಎದ್ದು ನಿಂತು ಕಾರ್ಯದರ್ಶಿಯ ಕೈ ಹಿಡಿದು ಕುಲುಕಿದ.

"ನನ್ನ ಸರ್ವೀಸಿನಲ್ಲೇ ಇಂಥ ದಳ ನೋಡಿಲ್ಲ. ಬರಿಗೈಲಿ ನಲವತ್ತಮೂರು ಜನ! ನಿಮಗೆ ಸಲಕರಣೆ ಕೊಟ್ಟರೆ ಅದು ಸರ್ಕಾರದ ದುಡ್ಡು ನೀರಿಗೆ ಹಾಕಿದ ಹಾಗೆ. ನಿಮಗೊಂದು ಪ್ರಶಸ್ತಿ ಪತ್ರಕ್ಕೆ ಬರೀತೀನಿ. ಹಗ್ಗ, ದೋಣಿ ಪಕ್ಕದೂರಿಗೆ ಹೋಗ್ಲಿ. ಪಾಪ, ಅವರು ಇಲ್ಲೀವರೆಗೆ ಒಬ್ಬರನ್ನೂ ಕಾಪಾಡಿಲ್ಲ."

ಕಾರ್ಯದರ್ಶಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಧ್ಯಕ್ಷರು ಏನೂ ತೋಚದೆ ಸೀಟಿ ಊದಿಬಿಟ್ಟರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಯಾರು? ಈ ಮನುಷ್ಯ ತಲೆಕೆಳಗಾಗಿ ಹಾರಿದ್ನಾ?"

ಅತ್ತೆ. ಬೆಳಿಗ್ಗೆಯಿಂದ ಕೈಕಟ್ಟಿಕೊಂಡು ಕೂತಿದ್ದರು. ಯಾರು ಯಾರು ರಗ್ಗಿಗೆ ಬಾಯಿ ಬಿಡುತ್ತಾರೆ ನೋಡೋಣ ಎಂದು ಬಂದವರು. ಈಗ ಎದ್ದು, ಸಾಲುಗಳ ನಡುವೆ ದಾರಿ ಮಾಡಿಕೊಂಡು ಮೇಜಿನ ಮುಂದೆ ಬಂದು ನಿಂತರು.

"ಬರ್ಕೊಳ್ಳಿ ಸ್ವಾಮಿ. ಪೆನ್ನು ತೆಗೀರಿ. ಈ ಊರಲ್ಲಿ ಈ ದಳದವರ ಕೈಗೆ ಸಿಕ್ಕಿದವಳು ನಾನೊಬ್ಬಳೇ. ಹೋದ ಬೇಸಿಗೇಲಿ ನಾನು ಟ್ಯಾಂಕು ಹತ್ತಿದೆ, ಇಳಿಯೋಕಾಗ್ಲಿಲ್ಲ."

ಕಿಟಕಿಯಲ್ಲಿ ಕೂತವರು ಒಳಕ್ಕೆ ಬಗ್ಗಿದರು. ಟ್ಯಾಂಕು! ಅವರ ಬಾಯಿಂದಲೇ!

"ಭಯ ಆಯ್ತು. ಅತ್ತುಬಿಟ್ಟೆ, ಬರ್ಕೊಳ್ಳಿ, ಮುಚ್ಚುಮರೆ ಏನಿಲ್ಲ. ಇವರು ಬಂದ್ರು. ಬಟ್ಟೆ ಒಣಹಾಕೋ ಹಗ್ಗ ಎಸೆದ್ರು, ಅದು ಎರಡು ಸಲ ಕಿತ್ತೋಯ್ತು. ಆ ಬೇಕರಿಯವನು ಕೆಳಗೆ ಮೈದಾ ಚೀಲ ಜೋಡಿಸಿ 'ಹಾರಿ ಅಮ್ಮಾ, ಹಿಡ್ಕೋತೀನಿ' ಅಂದ, ಕೊನೇಗೆ ನನ್ನ ಚಪ್ಪಲೀನೂ ಹಿಡಿಯೋಕೆ ಅವನ ಕೈಲಾಗ್ಲಿಲ್ಲ. ಆಮೇಲೆ ನಮ್ಮ ಅಳಿಯಂದ್ರು ಏಣಿ ಹತ್ತಿ ಮೇಲೆ ಬಂದ್ರು. ಬಂದವರು ಕೆಳಗೆ ನೋಡಿದ್ರು. ನೋಡಿ ಟ್ಯಾಂಕನ್ನ ತಬ್ಬಿಕೊಂಡ್ರು. ಎರಡು ಗಂಟೆ ಬಿಡ್ಲಿಲ್ಲ."

"ಮತ್ತೆ ಇಳಿದದ್ದು ಹೇಗೆ?" ಎಂದ ಅಧಿಕಾರಿ. ಕೂತುಕೊಳ್ಳುವುದನ್ನೂ ಮರೆತಿದ್ದ.

"ಹೇಗೆ ಅಂದ್ರೆ? ನಾನೇ ಇಳಿಸಿದೆ! ಇವರನ್ನ ಹಾಗೇ ಬಿಟ್ರೆ ನನ್ನ ಮಗಳ ಗತಿ ಏನು ಅಂತ ನನ್ನ ಅಳು ನುಂಗಿಕೊಂಡೆ. 'ಕಣ್ಣು ಮುಚ್ಕೊಳ್ಳಿ ಅಳಿಯಂದ್ರೇ, ಎಡಗಾಲು, ಈಗ ಬಲಗಾಲು' ಅಂತ ಒಂದೊಂದೇ ಮೆಟ್ಟಿಲು ಹೇಳಿ ಹೇಳಿ ಇಳಿಸಿದೆ. ಇವರು ಇಳಿದ ಮೇಲೆ ನಾನು ಇಳಿದೆ. ಇದು ಸ್ವಾಮಿ ಈ ಊರಿನ ರಕ್ಷಣಾ ದಳ."

ಯಾರೋ ಕಿಸಕ್ಕೆಂದರು. ಅತ್ತೆ ತಿರುಗಿ ನೋಡಿದರು, ನಗು ನಿಂತುಹೋಯಿತು. ಆಮೇಲೆ ಅವರ ದನಿ ತಗ್ಗಿತು.

"ನನ್ನ ಮಗಳು ದಿನಾ ಎರಡು ಸಲ ಆ ಕ್ವಾರಿ ಅಂಚಲ್ಲಿ ನಡೀತಾಳೆ. ಒಂದಿನ ಅವಳ ಕಾಲು ಜಾರಿದ್ರೆ ಇವರು ಮೇಲೆ ನಿಂತು ಸೀಟಿ ಊದ್ತಾರೆ, ಬನ್ನು ಎಸೀತಾರೆ. ಬೇರೇನು ಮಾಡ್ತಾರೆ? ಕೈಲಿ ಏನಿದೆ? ಇವರು ಕೆಟ್ಟವರಲ್ಲ ಸ್ವಾಮಿ. ಕರೆದ್ರೆ ಓಡಿ ಬರ್ತಾರೆ. ಬಂದು ಮಾಡೋದಕ್ಕೆ ಏನೂ ಇಲ್ಲ, ಮಾಡೋದು ಗೊತ್ತೂ ಇಲ್ಲ."

ಅಧಿಕಾರಿ ಕಾರ್ಯದರ್ಶಿಯ ಕಡೆ ತಿರುಗಿದ. "ಏನ್ರೀ, ಇದು ನಿಜವಾ? ಯೋಚನೆ ಮಾಡಿ ಹೇಳಿ. ಇಲ್ಲಿ ನಲವತ್ತಮೂರು ಜನ ಬೇರೆ ಹೇಳ್ತಿದ್ದಾರೆ. ಸುಳ್ಳು ಹೇಳಿಕೆ ಕೊಟ್ಟವರ ಮೇಲೆ ಕೇಸು ಹಾಕ್ಬೇಕಾಗತ್ತೆ."

ಕೇಸು ಎಂಬ ಮಾತು ಬಿದ್ದದ್ದೇ ತಡ, ಕಾಪಾಡಲ್ಪಟ್ಟವರು ಒಬ್ಬೊಬ್ಬರೇ ಬಾಗಿಲ ಕಡೆ ಸರಿದರು. "ನಾನು ನೆರಳಿಗೆ ಅಂತ ಬಂದಿದ್ದೆ" ಎಂದ ಏಳು ಮೈಲಿಯ ಮುದುಕ. ಎಂಟು ಮೈಲಿಯವನು ಅವನಿಗಿಂತ ಮೊದಲೇ ಹೊರಗಿದ್ದ. ಕ್ಷೌರದಂಗಡಿಯವನು ಟವೆಲಿನಿಂದ ತಲೆ ಒರೆಸಿಕೊಳ್ಳುತ್ತ, ತನಗೆ ಸ್ನಾನದ ಹೊತ್ತಾಯಿತೆಂದು ಹೇಳಿ ಮಾಯವಾದ.

ಕಾರ್ಯದರ್ಶಿ ಒಬ್ಬನೇ ನಿಂತಿದ್ದ. ಪ್ರಶಸ್ತಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಎಲ್ಲಿ ತೂಗುಹಾಕಬೇಕು ಎಂದು ಅವನ ಮನಸ್ಸು ಆಗಲೇ ಗೋಡೆ ಗುರುತು ಮಾಡಿತ್ತು, ಇಲ್ಲವೆಂದರೆ ಸುಳ್ಳಾದೀತು. ಬಾಗಿಲಲ್ಲಿ ಹೆಂಡತಿ ಕೈಚೀಲ ಹಿಡಿದು ನಿಂತಿದ್ದಳು. ಕೆಲಸಕ್ಕೆ ತಡವಾಗಿತ್ತು, ಇವತ್ತಂತೂ ಕಾಲುದಾರಿಯಲ್ಲೇ ಹೋಗುತ್ತಾಳೆ, ಅದೂ ಓಡುತ್ತ.

"ನಿಜ ಸಾರ್" ಎಂದ ಕಾರ್ಯದರ್ಶಿ. "ಅತ್ತೆ ಸ್ವಲ್ಪ ಬಿಟ್ಟು ಹೇಳಿದ್ದಾರೆ. ಟ್ಯಾಂಕಿನ ಮೇಲೆ ನಾನೂ ಅತ್ತುಬಿಟ್ಟೆ. ಅವರಿಗಿಂತ ಜೋರಾಗಿ. ನನಗೆ ಈಜು ಬರಲ್ಲ, ಗಂಟು ಹಾಕೋಕೆ ಬರಲ್ಲ. ಬರಿಗೈಲಿ ನಾವು ಯಾರನ್ನೂ ಕಾಪಾಡಿಲ್ಲ, ಕಾಪಾಡೋಕೂ ಆಗಲ್ಲ. ನನಗೆ ಹಗ್ಗ ಬೇಕು ಸಾರ್. ಹಗ್ಗ ಕೊಡಿ, ಅದನ್ನ ಹಿಡಿಯೋದು ಹೇಗೆ ಅಂತ ಕಲಿಸಿಕೊಡಿ."

ಅಧಿಕಾರಿ ಅರ್ಜಿ ತೆಗೆದು, ಇಪ್ಪತ್ತೆರಡನೆಯ ಪ್ರಶ್ನೆಯ ಎರಡು ಚೌಕಗಳನ್ನು ಬಹಳ ಹೊತ್ತು ನೋಡಿದ. ಉದ್ಯೋಗದ ಚೌಕ ಓದಿ, ಕಾರ್ಯದರ್ಶಿಯ ಕಡೆ ನೋಡಿದ. "ನೀವು ಜನರ ಕಣ್ಣಿನ ನಂಬರ್ ಬರೆಯೋರು ಅಲ್ವಾ?" ಎಂದು ಮೆಲ್ಲಗೆ ಕೇಳಿದ. "ಹೌದು ಸಾರ್" ಎಂದ ಕಾರ್ಯದರ್ಶಿ. ಅಧಿಕಾರಿ ನಿಟ್ಟುಸಿರು ಬಿಟ್ಟು, ಹೊಸ ಹಾಳೆಯಲ್ಲಿ ಶಿಫಾರಸು ಬರೆದು, ಕಾನೂನಿನ ಪ್ರಕಾರ ಎಲ್ಲರೆದುರು ಓದಿದ: "ಸ್ಥಳೀಯ ದಳವು ಪೂರ್ತಿ ನಿರುಪಯುಕ್ತವೆಂದು ಪ್ರತ್ಯಕ್ಷ ಸಾಕ್ಷಿಯಿಂದ ಸಂಶಯಾತೀತವಾಗಿ ಸಾಬೀತಾಗಿದೆ. ಆದ್ದರಿಂದ ಪೂರ್ಣ ಅನುದಾನ ಮತ್ತು ಆರು ತಿಂಗಳ ತರಬೇತಿಯನ್ನು ತುರ್ತಾಗಿ ಮಂಜೂರು ಮಾಡತಕ್ಕದ್ದು."

ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೇಕರಿಯವನು ನಿರುಪಯುಕ್ತ ಎಂದರೇನು ಎಂದು ಕೇಳಿ ತಿಳಿದುಕೊಂಡು, ಆಮೇಲೆ ಅವನೂ ತಟ್ಟಿದ. ಸಾಕ್ಷಿಯ ಜಾಗದಲ್ಲಿ ಅತ್ತೆ ಉದ್ದಕ್ಕೆ ಸಹಿ ಹಾಕಿದರು. ಹೊರಗೆ ಕಿಟಕಿಯ ಹತ್ತಿರ ತರಕಾರಿಯವಳು ರಗ್ಗು ಯಾವಾಗ ಬರುತ್ತದೆ ಎಂದು ಇನ್ನೂ ವಿಚಾರಿಸುತ್ತಿದ್ದಳು.

ಮಗಳು ಕೆಲಸಕ್ಕೆ ಓಡಿದ ಮೇಲೆ ಅತ್ತೆ ಅಳಿಯ ಇಬ್ಬರೂ ಬೀದಿಯಲ್ಲಿ ಮನೆಯ ಕಡೆ ನಡೆದರು. ಅಂಗಡಿ ಅಂಗಡಿಯಿಂದ ಜನ ಇಣುಕಿ ನೋಡುತ್ತಿದ್ದರು. ಯಾರೋ ಟ್ಯಾಂಕು ತಬ್ಬಿಕೊಳ್ಳುವ ಹಾಗೆ ಕಂಬ ತಬ್ಬಿ ತೋರಿಸಿದರು. ಕಾರ್ಯದರ್ಶಿ ತಲೆ ಎತ್ತಲಿಲ್ಲ.

"ಅತ್ತೆ," ಎಂದ, "ಇಡೀ ಊರಿನ ಮುಂದೆ ನನ್ನ ಮಾನ ಹೋಯ್ತು."

"ನಂದು ಉಳೀತಾ?" ಎಂದರು ಅತ್ತೆ. ಅವನ ತೋಳು ಹಿಡಿದುಕೊಂಡರು. "ಹೋದ್ರೆ ಹೋಗ್ಲಿ ಬನ್ನಿ ಅಳಿಯಂದ್ರೇ. ಹಗ್ಗ ಬರತ್ತಲ್ಲ."